ಅಜ್ಜಿ ಇಲ್ಲದ ಮನೆಯಲ್ಲಿ ಗೌರಿ ಬಾಗಿನ: ಗೊತ್ತಿದ್ದವರು ಹೇಳಿ

ಕೇಳಿದ್ದು: ಅಜ್ಜಿ ಹೋಗಿ ವರ್ಷ ತುಂಬಿ, ವರ್ಷಾಬ್ದಿಕವೂ ಮುಗಿಯಿತು. ಗೌರಿ ಹಬ್ಬಕ್ಕೆ ಯಾರಿಗೆ ಬಾಗಿನ, ಯಾರ ಮನೆಗೆ ಯಾವಾಗ ಹೋಗಬೇಕು ಅನ್ನೋದೆಲ್ಲ ಅವರ ತಲೆಯಲ್ಲೇ ಇತ್ತು. ನಾವೀಗ ಬನಶಂಕರಿಯಲ್ಲಿ ಸಣ್ಣ ಫ್ಲ್ಯಾಟಿನಲ್ಲಿದ್ದೀವಿ. ಸೋದರತ್ತೆಯರು ಮೂವರು, ಒಬ್ಬರ ಜೊತೆ ಮಾತು ನಿಂತಿದೆ. ಎಲ್ಲಿಂದ ಶುರು ಮಾಡೋದು?

ಬಸವನಗುಡಿಯಿಂದ:
ಸಾಮಾನಿನ ಪಟ್ಟಿ ಆಮೇಲೆ, ಮೊದಲು ಹೆಸರಿನ ಪಟ್ಟಿ ಬರೀರಿ. ಅಜ್ಜಿಯಂದಿರು ಹಬ್ಬ ನಡೆಸ್ತಿದ್ದದ್ದೇ ಆ ಪಟ್ಟಿಯ ಮೇಲೆ. ಒಂದು ನೋಟ್‌ಬುಕ್ಕಿನಲ್ಲಿ ಮನೆ ಹೆಣ್ಣುಮಕ್ಕಳ ಹೆಸರು, ಈಗಿನ ವಿಳಾಸ, ಬಳೆ ಅಳತೆ (2.4, 2.6, 2.8), ಅವರ ಮನೆಯಲ್ಲಿ ಬಾಗಿನ ತೊಗೊಳ್ಳೋ ಪದ್ಧತಿ ಇದೆಯೋ ಇಲ್ಲವೋ, ಇಷ್ಟು ಸಾಕು. ದೊಡ್ಡತ್ತೆಯನ್ನೇ ಕೂರಿಸ್ಕೊಂಡು ಬರೀರಿ, ಅರ್ಧ ಗಂಟೆಯಲ್ಲಿ ಮುಗಿಯುತ್ತೆ. ಬಳೆ ಅಳತೆ ಸಣ್ಣ ವಿಷಯ ಅಂತ ಬಿಡಬೇಡಿ. 2.6 ಕೈಗೆ 2.4 ಕೊಟ್ಟರೆ ಆ ಡಜನ್ ಬಳೆ ಡಬ್ಬಿಯಲ್ಲೇ ಉಳಿಯುತ್ತೆ, ತವರಿನಲ್ಲಿ ನನ್ನ ಅಳತೆ ಯಾರಿಗೂ ನೆನಪಿಲ್ಲ ಅಂತ ಅವರಿಗೂ ಅನ್ನಿಸುತ್ತೆ.

ಹಬ್ಬ ಭಾದ್ರಪದ ಶುದ್ಧ ತದಿಗೆಗೆ. 2024ರಲ್ಲಿ ಸೆಪ್ಟೆಂಬರ್ 6, 2025ರಲ್ಲಿ ಆಗಸ್ಟ್ 26. ಹಿಂದಿನ ವರ್ಷದ ತಾರೀಖು ನಂಬದೆ ಪಂಚಾಂಗ ನೋಡಿ.

ಮಲ್ಲೇಶ್ವರದಿಂದ:
ಮೊರದ ಬಗ್ಗೆ ನಾನು ಹೇಳ್ತೀನಿ. ಒಂದು ಬಾಗಿನಕ್ಕೆ ಎರಡು ಮೊರ, ಒಂದರಲ್ಲಿ ಸಾಮಾನು, ಇನ್ನೊಂದು ಮುಚ್ಚೋಕೆ. ಐದು ಬಾಗಿನ ಅಂದ್ರೆ 10 ಮೊರ. ಗಾಂಧಿ ಬಜಾರ್, ಮಲ್ಲೇಶ್ವರ 8ನೇ ಕ್ರಾಸ್, ಕೆ.ಆರ್. ಮಾರುಕಟ್ಟೆ ಎಲ್ಲಾ ಕಡೆ ಸಿಗುತ್ತೆ. ಹಬ್ಬದ ಹಿಂದಿನ ದಿನ ಹೋದರೆ ಕಾಲಿಡೋಕೆ ಜಾಗ ಇರಲ್ಲ, ಒಂದು ವಾರ ಮುಂಚೆ ತನ್ನಿ. ಅಂಚಿನ ಕಟ್ಟು ಸಡಿಲ ಇದೆಯಾ ಅಂತ ಹೆಬ್ಬೆರಳಿಂದ ಒತ್ತಿ ನೋಡಿ, ತೆಂಗಿನಕಾಯಿ ಭಾರಕ್ಕೆ ಬಿಚ್ಚಿಕೊಳ್ಳೋದು ಅಲ್ಲೇ.

ಅರಿಶಿನ ತೆಳ್ಳಗೆ ಕಲಸಿ, ಬಟ್ಟೆಯಲ್ಲಿ ಅದ್ದಿ, ಎರಡೂ ಬದಿ ಸವರಿ. ಕೈಯಿಂದ ಮೆತ್ತಿದರೆ ಬಿದಿರಿನ ಸಂದಿಯಲ್ಲಿ ದಪ್ಪಗೆ ಕೂತು ಒಣಗಲ್ಲ. ನಮ್ಮ ಊರಿನ ಈ ಮಳೆಗಾಲದಲ್ಲಿ ಫ್ಲ್ಯಾಟಿನೊಳಗೆ ಒಣಗೋಕೆ ಎರಡು ಮೂರು ದಿನ ಬೇಕು. ಫ್ಯಾನಿನ ಕೆಳಗೆ ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಹಸಿ ಮೊರ ಮುಚ್ಚಿಟ್ಟರೆ ಬೂಷ್ಟು ಹಿಡಿದು ಅಕ್ಕಿಗೂ ವಾಸನೆ. ಒಣಗಿದ ಮೇಲೆ ಕುಂಕುಮದ ಬೊಟ್ಟು.

ಒಳಗೆ: ಅಕ್ಕಿ ಕಾಲು ಕೆಜಿ, ತೊಗರಿ, ಕಡಲೆ, ಹೆಸರು, ಉದ್ದು ಬೇಳೆ ತಲಾ 100 ಗ್ರಾಂ, ರವೆ ಅಷ್ಟೇ, ಎರಡು ಅಚ್ಚು ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ, ಎಲೆ ಅಡಿಕೆ, ದಕ್ಷಿಣೆ. ಬೆಲ್ಲವನ್ನ ಬಾಳೆಲೆ ಚೂರಿನಲ್ಲಿ ಸುತ್ತಿ, ಇಲ್ಲದಿದ್ದರೆ ನೀರೊಡೆದು ರವಿಕೆ ಕಣಕ್ಕೆ ಅಂಟುತ್ತೆ. ಅತ್ತೆಯರು ನಿಜವಾಗಿ ಬೇಯಿಸಿ ಉಣ್ಣೋ ಬೇಳೆಯನ್ನೇ ಹಾಕಿ. ‘ಬಾಗಿನದ ಬೇಳೆ’ ಅಂತ ಮಾರೋ ಸಣ್ಣ ಪೊಟ್ಟಣದಲ್ಲಿ ಎಷ್ಟೋ ಸಲ ಹುಳು ಇರುತ್ತೆ.

ಒಂದು ಬಾಗಿನ ಗೌರಿಗೆ. ಮಿಕ್ಕವನ್ನ ಸೆರಗು ಮುಚ್ಚಿ ಕೊಡಬೇಕು, ತೊಗೊಳ್ಳೋರೂ ಸೆರಗು ಹಿಡೀತಾರೆ. 16 ಗಂಟಿನ ಗೌರಿದಾರ ಬಲಗೈಗೆ.

ವಿಜಯನಗರದಿಂದ:
ಮಾತು ನಿಂತಿರೋ ಅತ್ತೆಯ ವಿಷಯ ಯಾರೂ ಮುಟ್ಟಲಿಲ್ಲ, ಅದೇ ಮುಖ್ಯ. ತವರಿನ ಬಾಗಿನ ಅಣ್ಣತಮ್ಮಂದಿರ ಕೈಯಿಂದ ಹೋಗಬೇಕು. ನಿಮ್ಮ ತಂದೆಯವರೇ ಹೋಗಲಿ, ಜೊತೆಗೆ ಮನೆಯ ಒಂದು ಮಗು ಇರಲಿ. ಎಂಟು ದಿನ ಮುಂಚೆ ಫೋನ್ ಮಾಡಿ ‘ಬಾಗಿನ ತರ್ತೀನಮ್ಮಾ, ಯಾವಾಗ ಬರಲಿ’ ಅಂತ ಅಷ್ಟೇ ಕೇಳಲಿ. ಹೋದ ದಿನ ಅರ್ಧ ಗಂಟೆ ಕೂತು, ಕೊಟ್ಟ ಕಾಫಿ ಕುಡಿದು ಎದ್ದು ಬರಲಿ. ಅಂದು ಸೈಟು, ಪಾಲು, ಹಳೇ ಚಿನ್ನದ ಮಾತು ಬೇಡ, ಅವರೇ ಎತ್ತಿದರೂ ‘ಹಬ್ಬ ಕಳೀಲಿ’ ಅನ್ನಲಿ. ದುಡ್ಡನ್ನ ಫೋನಿನಲ್ಲಿ ಕಳಿಸಿ ಕೈತೊಳ್ಕೊಂಡರೆ ಮಾತ್ರ ಇದು ಕೆಡುತ್ತೆ. ದುಡ್ಡು ಬರುತ್ತೆ, ತವರು ಬರಲ್ಲ. ಮೊದಲ ವರ್ಷ ಬಾಗಿಲಲ್ಲೇ ತೊಗೊಂಡು ಕಳಿಸಬಹುದು. ಬೇಜಾರಾಗದೆ ಮುಂದಿನ ವರ್ಷವೂ ಹೋಗಿ.

ಜಯನಗರದಿಂದ:
ಒಂದು ಮಾತು ಸೇರಿಸ್ತೀನಿ. ಮೂವರಲ್ಲಿ ಯಾರಾದರೂ ಗಂಡನನ್ನ ಕಳ್ಕೊಂಡಿದ್ದರೆ, ಮೊರದ ಬಾಗಿನ ಮುತ್ತೈದೆಯರಿಗೆ ಅಂತ ಅವರ ಮನೆ ಬಿಟ್ಟು ಮುಂದಕ್ಕೆ ಹೋಗಬೇಡಿ. ಮನೆ ಪದ್ಧತಿ ಮೀರೋಕೆ ಹಿರಿಯರು ಒಪ್ಪದಿದ್ದರೂ ಸೀರೆ, ಹಣ್ಣು, ತೆಂಗಿನಕಾಯಿ ಕೊಡೋಕೆ ಯಾವ ಅಡ್ಡಿಯೂ ಇಲ್ಲ. ಬೆಳಿಗ್ಗೆ ಮೊದಲು ಅವರ ಮನೆಗೇ ಹೋಗಿ ನಮಸ್ಕಾರ ಮಾಡಿ. ಹಾಗೆ ಹೋದಾಗ ಅಜ್ಜಿಯ ಆರತಿ ಹಾಡು ಅವರಿಗೆ ಬರುತ್ತಾ ಕೇಳಿ, ಫೋನಿನಲ್ಲಿ ಹಿಡ್ಕೊಳ್ಳಿ. ಒಂದು ಸಲಕ್ಕೆ ಒಂದೇ ಹಾಡು. ಅಡುಗೆಮನೆಯ ಮಿಕ್ಸಿ ಸದ್ದಿಲ್ಲದ ಹೊತ್ತು ನೋಡಿ.