ಮೂಲಭೂತ ಹಕ್ಕುಗಳು ಪುಸ್ತಕದಲ್ಲಿ ಮಾತ್ರವಾ?

ನೇರನುಡಿ
ಕಳೆದ ತಿಂಗಳು ಒಂದು ಸೋಮವಾರ ರಾತ್ರಿ ಹನ್ನೊಂದಕ್ಕೆ ನನ್ನ ಚಿಕ್ಕಪ್ಪನ ಮಗನನ್ನು ಪೊಲೀಸರು ಮನೆಯಿಂದ ಕರೆದುಕೊಂಡು ಹೋದರು. ಬೀದಿ ಜಗಳದ ಕೇಸು. "ಸುಮ್ನೆ ವಿಚಾರಣೆ, ಬೆಳಿಗ್ಗೆ ಬಿಡ್ತೀವಿ" ಅಂದರು. ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಿದ್ದು ಬುಧವಾರ ಸಂಜೆ ಐದಕ್ಕೆ. ಒಟ್ಟು 42 ಗಂಟೆ. ಸಂವಿಧಾನದ 22ನೇ ವಿಧಿ 24 ಗಂಟೆಯೊಳಗೆ ಅನ್ನುತ್ತದೆ. ಶಾಲೆಯಲ್ಲಿ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೆ, ಅದಕ್ಕೇ ನೆನಪಿದೆ.

ಈಗ ಹೇಳಿ, ಈ ಮೂಲಭೂತ ಹಕ್ಕುಗಳಿಂದ ಏನು ಪ್ರಯೋಜನ? 1975-77ರ ತುರ್ತು ಪರಿಸ್ಥಿತಿಯಲ್ಲಿ ಬೇಕಾದಾಗಲೇ ಕೈಕೊಟ್ಟವು. ಆನ್‌ಲೈನಿನಲ್ಲಿ ಆಕ್ಷೇಪಾರ್ಹವಾಗಿ ಬರೆದರೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿತು. ಆಮೇಲೂ ಅದರಡಿ ಕೇಸು ಹಾಕುತ್ತಲೇ ಇದ್ದರು. 2021ರಲ್ಲಿ ಕೋರ್ಟೇ ಗಾಬರಿಯಾಯಿತು. ಸತ್ತ ಕಾನೂನಿನಲ್ಲಿ ಕೇಸು ಹಾಕೋ ದೇಶ ನಮ್ಮದು.

ಕರಿಕೋಟು
ವಕೀಲ ನಾನು. ಚರ್ಚೆ ಆಮೇಲೆ. ಮೊದಲು ಹೇಳಿ, ಅರೆಸ್ಟ್ ಮೆಮೊ ಕೊಟ್ಟರಾ? ಅದರಲ್ಲಿ ಎಷ್ಟು ಗಂಟೆಗೆ ಬಂಧನ ಅಂತ ಬರೆದಿದೆ?

ಶಿಸ್ತುಗಾರ
ಎಲ್ಲರಿಗೂ ಹಕ್ಕು ಬೇಕು, ಕರ್ತವ್ಯ ಯಾರಿಗೂ ಬೇಡ. ಜಗಳ ಆಡಿದವನನ್ನು ಕೂರಿಸಿಕೊಂಡರು, ತಪ್ಪೇನು? ಈ ಹಕ್ಕುಗಳಿಂದ ಲಾಭ ಆಗೋದು ಕಳ್ಳಕಾಕರಿಗೆ. ಸಂವಿಧಾನದಲ್ಲೇ ಮೂಲಭೂತ ಕರ್ತವ್ಯಗಳೂ ಇವೆ, ಅದನ್ನು ಒಬ್ಬರೂ ಹೇಳಲ್ಲ.

ಗಿರಿಜಕ್ಕ
ಶಿಸ್ತುಗಾರರೇ, 30 ವರ್ಷ ಮಕ್ಕಳಿಗೆ ಪೌರನೀತಿ ಪಾಠ ಮಾಡಿದವಳು ನಾನು. ಆ ಕರ್ತವ್ಯಗಳ ಪಟ್ಟಿ 1950ರ ಸಂವಿಧಾನದಲ್ಲಿ ಇರಲಿಲ್ಲ. ಅದನ್ನು ಸೇರಿಸಿದ್ದು 1976ರಲ್ಲಿ, 42ನೇ ತಿದ್ದುಪಡಿಯಲ್ಲಿ. ಅಂದರೆ ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದ್ದ ಹೊತ್ತಿನಲ್ಲೇ ನಮಗೆಲ್ಲ ಕರ್ತವ್ಯದ ಪಾಠ ಹೇಳಿದರು. ಪಟ್ಟಿಯೇನೋ ಒಳ್ಳೆಯದೇ ಇದೆ, ಅದು ಬಂದ ಗಳಿಗೆ ನೋಡಿ.

ನೇರನುಡಿ, ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ "ಏನು ಪ್ರಯೋಜನ" ಅನ್ನೋದಕ್ಕೆ ಒಂದು ಕಥೆ ಹೇಳ್ತೀನಿ, ಕೇಳು. 1985ರಲ್ಲಿ ಕೇರಳದ ಒಂದು ಶಾಲೆಯಿಂದ ಮೂವರು ಮಕ್ಕಳನ್ನು ಹೊರಗೆ ಹಾಕಿದರು. ಒಡಹುಟ್ಟಿದವರು. ಒಬ್ಬ ಹತ್ತನೇ ಕ್ಲಾಸು, ಒಬ್ಬಳು ಒಂಬತ್ತು, ಚಿಕ್ಕವಳು ಐದು. ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ತಮ್ಮ ನಂಬಿಕೆಗೆ ಒಗ್ಗಲ್ಲ ಅಂತ ಹಾಡುತ್ತಿರಲಿಲ್ಲ. ಅಷ್ಟೇ ಅವರ ತಪ್ಪು. ಹೈಕೋರ್ಟಿನಲ್ಲಿ ಸೋತರು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ, ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಹಾಡಲೇಬೇಕು ಅಂತ ಯಾವ ಕಾನೂನೂ ಇಲ್ಲ, ಗೌರವದಿಂದ ಎದ್ದು ನಿಂತರೆ ಅವಮಾನ ಆಗಲ್ಲ ಅಂತ.

ನನಗೆ ಆಗ ಈ ತೀರ್ಪು ಸೇರಿರಲಿಲ್ಲ. ಸ್ಟಾಫ್‌ರೂಮಿನಲ್ಲಿ ಜೋರಾಗಿ ಜಗಳ ಆಡಿದ್ದೆ. ಎರಡು ವರ್ಷ ಕಳೆದ ಮೇಲೆ ನನ್ನ ಕ್ಲಾಸಿನಲ್ಲೇ ತೊದಲುವ ಹುಡುಗನೊಬ್ಬ ಪ್ರಾರ್ಥನೆ ಹೊತ್ತಿಗೆ ತುಟಿ ಬಿಗಿಹಿಡಿದು ನಿಲ್ಲುತ್ತಿದ್ದ. ಪಿಟಿ ಮೇಷ್ಟ್ರು ಅವನ ಕಿವಿ ಹಿಂಡಿ ಎಳೆದಾಗ ನನ್ನ ಬಾಯಿಂದ ಬಂದ ಮಾತು ಅದೇ: "ಎದ್ದು ನಿಂತಿದ್ದಾನಲ್ಲ ಸಾರ್, ಸಾಕು ಬಿಡಿ." ಆ ತೀರ್ಪು ಓದಿರದಿದ್ದರೆ ಈ ಮಾತು ನನಗೆ ಹೊಳೆಯುತ್ತಲೇ ಇರಲಿಲ್ಲ.

ಪರದೇಶಿ
ಗಿರಿಜಕ್ಕ, ಇದೇ ಪಂಗಡದ ಮಕ್ಕಳ ಕೇಸು ಅಮೆರಿಕದಲ್ಲೂ ಆಗಿತ್ತು. ಅಲ್ಲಿ ಬಾವುಟಕ್ಕೆ ಸೆಲ್ಯೂಟ್ ಹೊಡೆಯುವ ವಿಷಯ. 1940ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ವಿರುದ್ಧ 8-1 ತೀರ್ಪು ಕೊಟ್ಟಿತು. ಅದಾದ ಮೇಲೆ ಹಲವು ಕಡೆ ಆ ಪಂಗಡದವರ ಮೇಲೆ ಗುಂಪು ಹಲ್ಲೆಗಳಾದವು. 1943ರಲ್ಲಿ, ಅದೂ ಮಹಾಯುದ್ಧದ ಮಧ್ಯೆ, ಅದೇ ಕೋರ್ಟ್ 6-3ರಲ್ಲಿ ತನ್ನ ತೀರ್ಪನ್ನೇ ತಿರುಗಿಸಿತು. ಕೇರಳದ ತೀರ್ಪಿನಲ್ಲಿ ಅದರ ಪ್ರಸ್ತಾಪವೂ ಇದೆ.

ಆದರೆ ಮರುವರ್ಷವೇ, 1944ರಲ್ಲಿ, ಜಪಾನಿ ಮೂಲದ ಅಮೆರಿಕನ್ನರನ್ನು ಅವರ ಊರುಗಳಿಂದ ಹೊರಹಾಕಿದ್ದು ಸರಿ ಅಂತ ಅದೇ ಕೋರ್ಟ್ ಹೇಳಿತು. ಲಕ್ಷಕ್ಕೂ ಹೆಚ್ಚು ಜನ ಶಿಬಿರಗಳಲ್ಲಿದ್ದರು. ಸರ್ಕಾರ ಕ್ಷಮೆ ಕೇಳಿ ಬದುಕುಳಿದವರಿಗೆ ತಲಾ 20,000 ಡಾಲರ್ ಕೊಟ್ಟಿದ್ದು 1988ರ ಕಾಯ್ದೆಯಿಂದ. ಹಾಗಾಗಿ ನೇರನುಡಿ ಹೇಳೋದರಲ್ಲೂ ಹುರುಳಿದೆ.

ನೇರನುಡಿ
ಅದನ್ನೇ ನಾನು ಹೇಳ್ತಿರೋದು. ಜನ ಹೆದರಿದಾಗ ಕೋರ್ಟೂ ಹೆದರುತ್ತೆ. 1976ರ ಎಡಿಎಂ ಜಬಲ್ಪುರ ಕೇಸು ನೋಡಿ. ತುರ್ತು ಪರಿಸ್ಥಿತಿಯಲ್ಲಿ ನನ್ನನ್ನು ಸುಮ್ಮನೆ ಹಿಡಿದಿಟ್ಟಿದ್ದಾರೆ ಅಂತ ಕೋರ್ಟಿಗೆ ಹೋಗೋ ಹಕ್ಕೇ ಇಲ್ಲ ಅಂದರು. ಐವರಲ್ಲಿ ನಾಲ್ವರು ಜಡ್ಜುಗಳು.

ಕರಿಕೋಟು
ಆ ಐದನೆಯವರು ಎಚ್.ಆರ್. ಖನ್ನಾ. ಅದಕ್ಕೆ ಬೆಲೆಯನ್ನೂ ತೆತ್ತರು, 1977ರಲ್ಲಿ ಅವರನ್ನು ದಾಟಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಜನ ಮರೆಯೋ ಇನ್ನೊಂದು ವಿಷಯ ಇದೆ. ಸುಪ್ರೀಂ ಕೋರ್ಟ್ ಹೀಗೆ ಹೇಳುವ ಮೊದಲು ನಮ್ಮ ಕರ್ನಾಟಕ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಬಂಧಿತರ ಅರ್ಜಿ ಕೇಳುತ್ತೇವೆ ಅಂದಿದ್ದವು. ಭಯ ಎಲ್ಲರಿಗೂ ಒಂದೇ ಥರ ಹಿಡಿದಿರಲಿಲ್ಲ.

ಆಮೇಲಿನದ್ದು ಕೇಳಿ. 1978ರ 44ನೇ ತಿದ್ದುಪಡಿ ಬಂತು. ತುರ್ತು ಪರಿಸ್ಥಿತಿ ಇದ್ದರೂ 20 ಮತ್ತು 21ನೇ ವಿಧಿಗಳನ್ನು ಅಮಾನತಿನಲ್ಲಿಡುವಂತಿಲ್ಲ ಅಂತ ಬರೆದರು. ಜೀವ, ಸ್ವಾತಂತ್ರ್ಯದ ಹಕ್ಕು ಅಲ್ಲಿಗೆ ಗಟ್ಟಿಯಾಯಿತು. 2017ರಲ್ಲಿ ಖಾಸಗಿತನದ ಕೇಸಿನಲ್ಲಿ ಒಂಬತ್ತು ಜಡ್ಜುಗಳ ಪೀಠ ಜಬಲ್ಪುರ ತೀರ್ಪನ್ನೇ ತಳ್ಳಿಹಾಕಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 1976ರ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ಅದು ತಪ್ಪು ಅಂತ 2017ರಲ್ಲಿ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.

ನೇರನುಡಿ
41 ವರ್ಷ ಆದಮೇಲೆ. ತುರ್ತು ಪರಿಸ್ಥಿತಿಯಲ್ಲಿ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟಿದ್ದರು. ಅಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು, ಕೆಲವೇ ದಿನಕ್ಕೆ ತೀರಿಕೊಂಡರು. ಅವರಿಗೆ 44ನೇ ತಿದ್ದುಪಡಿಯಿಂದ ಏನು ಸಿಕ್ಕಿತು?

ಗಿರಿಜಕ್ಕ
ಏನೂ ಸಿಗಲಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಪ್ಪ.

ಸುಮ್ನಿರಲಾರೆ
ಆ ಜೈಲೇ ಈಗ ಫ್ರೀಡಂ ಪಾರ್ಕ್. ಬೆಂಗಳೂರಲ್ಲಿ ಪ್ರತಿಭಟನೆ ಮಾಡಬೇಕಾದರೆ ಅಲ್ಲೇ ಮಾಡಬೇಕು, ಬೇರೆಲ್ಲೂ ಮಾಡೋ ಹಾಗಿಲ್ಲ. ಕಾಂಪೌಂಡ್ ಒಳಗಿರೋ ಫ್ರೀಡಂ. ಹೆಸರಿಟ್ಟವರಿಗೆ ಬಹುಮಾನ ಕೊಡಬೇಕು.

ಶಿಸ್ತುಗಾರ
ಟ್ರಾಫಿಕ್ ಜಾಮ್‌ನಲ್ಲಿ ಆಂಬುಲೆನ್ಸ್ ಸಿಕ್ಕಿಹಾಕಿಕೊಂಡಾಗ ಗೊತ್ತಾಗುತ್ತೆ ನಿಮಗೆ. ಆ ರೋಗಿಗೂ ಹಕ್ಕಿದೆ ಅಲ್ವಾ?

ಸುಮ್ನಿರಲಾರೆ
ಇದೆ. ಇದೊಂದು ಮಾತು ಒಪ್ಪಿದೆ ಸಾರ್. ಆದರೆ ಮಂತ್ರಿಗಳ ಮೆರವಣಿಗೆಗೂ ಈ ಆಂಬುಲೆನ್ಸ್ ನೆನಪಾಗಲಿ.

ಹೊಲಗೇರಿ ಹುಡುಗ
ಎಲ್ಲರೂ ಸರ್ಕಾರ, ಪೊಲೀಸು ಅಂತಲೇ ಮಾತಾಡ್ತಿದ್ದೀರಿ. ನಮಗೆ ಹಕ್ಕು ಬೇಕಾಗಿದ್ದು ಮೊದಲು ಊರಿನವರ ಎದುರು. ಜಾತಿ, ಧರ್ಮ ಅಂತ ಯಾರನ್ನೂ ತಡೆಯಬಾರದು ಅನ್ನೋ 15ನೇ ವಿಧಿಯ ಎರಡನೇ ಭಾಗ ಓದಿ. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಅಂತ ಒಂದೊಂದನ್ನೂ ಹೆಸರು ಹಿಡಿದು ಬರೆದಿದ್ದಾರೆ. ಯಾವ ದೊಡ್ಡ ಮಾತೂ ಇಲ್ಲ, ಬಾವಿ ಅಂದರೆ ಬಾವಿ. ಯಾರನ್ನು ಎಲ್ಲೆಲ್ಲಿ ತಡೆಯುತ್ತಾರೆ ಅಂತ ಮೈಮೇಲೆ ಅನುಭವಿಸಿದವರಿಗೆ ಮಾತ್ರ ಹೀಗೆ ಬರೆಯೋಕೆ ಆಗೋದು. ಸಂವಿಧಾನದ ಕರಡನ್ನು ಮಂಡಿಸುವಾಗ 1948ರ ನವೆಂಬರ್ 4ರಂದು ಬಾಬಾಸಾಹೇಬರು, ಇದು ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಇಟ್ಟುಕೊಂಡಿರುವುದು ನನಗೆ ಸಂತೋಷ ಅಂದರು. ಸಂವಿಧಾನ ಸಭೆಯಲ್ಲಿ ಸುಮಾರು ಜನಕ್ಕೆ ಅದು ಹಿಡಿಸಲಿಲ್ಲ.

ನಮ್ಮ ತಾತನಿಗೆ ಊರ ಹೋಟೆಲಿನಲ್ಲಿ ಬೇರೆ ಲೋಟ. ಹಿಂದಿನ ಗೋಡೆಯ ಮೊಳೆಗೆ ನೇತುಹಾಕಿರುತ್ತಿದ್ದರು. ಕುಡಿದು, ತೊಳೆದು, ಅಲ್ಲೇ ನೇತುಹಾಕಿ ಬರಬೇಕು. ಅಪ್ಪ ಪಿಯುಸಿ ಓದುವಾಗ ಒಂದು ದಿನ ಮುಂದಿನ ಬೆಂಚಿನಲ್ಲಿ ಕೂತು ಟೀ ಕೇಳಿದರಂತೆ. ಹೋಟೆಲಿನವನು ಅರ್ಧ ಗಂಟೆ ಕಾಯಿಸಿದ. ಕೊನೆಗೆ ಕೊಟ್ಟ. ಒಳ್ಳೆ ಮನಸ್ಸಿನಿಂದ ಕೊಡಲಿಲ್ಲ, ಕೇಸಿನ ಭಯಕ್ಕೆ ಕೊಟ್ಟ. ಅಪ್ಪನಿಗೆ ಅಷ್ಟೇ ಸಾಕಾಗಿತ್ತು. ಪುಸ್ತಕದ ಹಕ್ಕು ಅಂತ ಹಗುರಾಗಿ ಹೇಳೋರಿಗೆ ಆ ಟೀ ಕುಡಿಸಬೇಕು ನಾನು. ಈಗಲೂ ಎಲ್ಲ ಸರಿಹೋಗಿದೆ ಅಂತ ಹೇಳ್ತಿಲ್ಲ, ದೇವಸ್ಥಾನದ ಕಥೆ ಬೇರೆಯೇ ಇದೆ.

ಶಿಸ್ತುಗಾರ
ಇದು ಒಪ್ಪುವ ಮಾತು. ನಾನು ಹೇಳಿದ್ದು ಅಪರಾಧಿಗಳ ಬಗ್ಗೆ.

ಕರಿಕೋಟು
ಅಪರಾಧಿ ಅಂತ ತೀರ್ಮಾನ ಆಗೋದು ಕೊನೆಗೆ ಸಾರ್. 24 ಗಂಟೆಯ ನಿಯಮ ಇರೋದು ಶುರುವಿಗೆ. ಜಡ್ಜು ಅವನ ಮುಖ, ಮೈಕೈ ನೋಡಲಿ, ಏಟು ಬಿದ್ದಿದೆಯಾ ಅಂತ ಕೇಳಲಿ ಅಂತ. ಠಾಣೆಯಲ್ಲಿ ಏನಾದರೂ ಆಗೋದು ಜಾಸ್ತಿ ಆ ಲೆಕ್ಕಕ್ಕೆ ಸಿಗದ ಹೊತ್ತಿನಲ್ಲೇ.

ನೇರನುಡಿ, ಮೆಮೊ ಬಗ್ಗೆ ಕೇಳಿದ್ದೆ.

ನೇರನುಡಿ
ಈಗ ತಾನೇ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಮೆಮೊ ಇದೆ. ಮಂಗಳವಾರ ರಾತ್ರಿ 8 ಗಂಟೆ ಅಂತ ಬರೆದಿದ್ದಾರೆ. ಸಾಕ್ಷಿ ಜಾಗದಲ್ಲಿ ಚಿಕ್ಕಪ್ಪನದ್ದೇ ಸಹಿ.

ಕರಿಕೋಟು
ಅಂದುಕೊಂಡೆ. 21 ಗಂಟೆ ಆಯಿತು, ಕಾಗದದಲ್ಲಿ ಎಲ್ಲ ಸರಿ. ಮೆಮೊದಲ್ಲಿ ದಿನ, ಟೈಮ್, ಸಾಕ್ಷಿ ಸಹಿ ಕಡ್ಡಾಯ ಅಂತ ಮಾಡಿದ್ದು ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪು. ಅದಕ್ಕೇ ಅವರು ಸುಳ್ಳು ಟೈಮ್ ಬರೆಯಬೇಕಾಯಿತು. ಮೊದಲಾಗಿದ್ದರೆ ಏನೂ ಬರೆಯುತ್ತಿರಲಿಲ್ಲ. ಬರೆದ ಸುಳ್ಳನ್ನು ಹಿಡಿಯೋಕೆ ದಾರಿ ಇದೆ. ಠಾಣೆಯ ಸಿಸಿಟಿವಿ ರೆಕಾರ್ಡಿಂಗ್ 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಇಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಸೋಮವಾರ ರಾತ್ರಿಯ ರೆಕಾರ್ಡಿಂಗ್ ಉಳಿಸಿಡಿ ಅಂತ ಈ ವಾರವೇ ಕೋರ್ಟಿಗೆ ಅರ್ಜಿ ಹಾಕಿ. ಕ್ಯಾಮೆರಾ ಕೆಟ್ಟಿತ್ತು ಅಂತಾರೆ. ಅದನ್ನೂ ಬರವಣಿಗೆಯಲ್ಲೇ ಹೇಳಲಿ. ಹುಡುಗನ ಫೋನಿನ ಲೊಕೇಶನ್, ಅಕ್ಕಪಕ್ಕದವರ ಹೇಳಿಕೆ ಕೂಡ ಬೇಕು.

ಚಿಕ್ಕಪ್ಪ ಟೈಮ್ ನೋಡದೆ ಯಾಕೆ ಸಹಿ ಹಾಕಿದರು?

ನೇರನುಡಿ
ಕೇಳಿದೆ. ಅವಸರದಲ್ಲಿ ಕನ್ನಡಕ ಮನೆಯಲ್ಲೇ ಬಿಟ್ಟು ಹೋಗಿದ್ದರಂತೆ.