ಕಾಲೊನಿ ಗೇಟಿಗೆ ನಂಬರ್ ಪ್ಲೇಟ್ ಓದುವ ಕ್ಯಾಮೆರಾ: ಹೂಂ ಅನ್ನಬೇಕಾ, ಬೇಡವಾ?

ಬಾಗಲಕೋಟೆ ನವನಗರ, ಈಗ ಡಲ್ಲಾಸ್ ಹತ್ತಿರ
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೊನಿಯ ಎರಡೂ ಗೇಟಿಗೆ ಫ್ಲಾಕ್ ಕಂಪನಿಯ ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಹಾಕಿಸುತ್ತಾರಂತೆ. ಪೊಲೀಸರಿಗೂ ಅದನ್ನು ನೋಡಲು ಕೊಡುತ್ತಾರಂತೆ. ಮುಂದಿನ ವಾರ ಕಾಲೊನಿಯ ಮನೆ ಮಾಲೀಕರ ಸಂಘದ, ಅಂದರೆ ಎಚ್‌ಒಎ ಮೀಟಿಂಗ್, ವೋಟು ಹಾಕಬೇಕು. ಹೊರಗಿನ ರಸ್ತೆಯಲ್ಲಿ ಆಗಲೇ ಒಂದು ನಿಂತಿದೆ. ಕರಿ ಕಂಬ, ತುದಿಗೆ ಸೋಲಾರ್ ಪ್ಯಾನೆಲ್, ಅದರ ಕೆಳಗೆ ಸಣ್ಣ ಕ್ಯಾಮೆರಾ. ಮಗನಿಗೆ ಈಗಷ್ಟೇ ಲೈಸೆನ್ಸ್ ಬಂದಿದೆ. ಶಾಲೆ, ಈಜು, ಭಾನುವಾರದ ಕನ್ನಡ ಕ್ಲಾಸು, ಎಲ್ಲಾ ಕಡೆ ಅವನೇ ಓಡಿಸಿಕೊಂಡು ಹೋಗುತ್ತಾನೆ. ಅವನು ಎಲ್ಲಿ ಹೋದ, ಎಷ್ಟೊತ್ತಿಗೆ ಬಂದ ಅನ್ನೋ ಲೆಕ್ಕ ಯಾರ್ಯಾರ ಕೈಗೆ ಸಿಗುತ್ತದೆ? ಮೀಟಿಂಗಿನಲ್ಲಿ ನಾನು ಏನು ಕೇಳಬೇಕು? ಗೊತ್ತಿದ್ದವರು ಹೇಳಿ.

ಬೆಳಗಾವಿ ಟಿಳಕವಾಡಿ, ನ್ಯೂಜೆರ್ಸಿ
ತಂಗಿ, ಸುಮ್ನೆ ಹೂಂ ಅಂದುಬಿಡು. ನಮ್ಮವರ ಮನೆಯಲ್ಲಿ ಚಿನ್ನ ಇರುತ್ತದೆ ಅಂತ ಕಳ್ಳರಿಗೆ ಚೆನ್ನಾಗಿ ಗೊತ್ತು. ನಮ್ಮ ಬೀದಿಯಲ್ಲಿ ಒಬ್ಬರು ದೀಪಾವಳಿಗೆ ಗುಡಿಗೆ ಹೋಗಿ ಬರುವಷ್ಟರಲ್ಲಿ ಮನೆ ಒಡೆದಿದ್ದರು. ಅವರ ತಾಯಿಯ ಪಾಟ್ಲಿ, ಬಿಲ್ವಾರ ಎಲ್ಲಾ ಹೋದವು. ಇವತ್ತಿಗೂ ಸಿಕ್ಕಿಲ್ಲ. ತಪ್ಪು ಮಾಡದವರಿಗೆ ಯಾತರ ಭಯ? ಮಗ ಎಲ್ಲಿ ತಿರುಗುತ್ತಾನೆ ಅಂತ ಗೊತ್ತಾದರೆ ಒಳ್ಳೇದೇ ಅಲ್ವಾ?

ವಿಜಯಪುರ, ನ್ಯೂ ಹ್ಯಾಂಪ್‌ಶೈರ್
ಅಕ್ಕಾರೆ, ಮೊದಲು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ಕೇಳಿ. ಫ್ಲಾಕ್‌ನವರು ಸಾಮಾನ್ಯವಾಗಿ 30 ದಿನ ಇಡುತ್ತಾರೆ. ನಮ್ಮ ರಾಜ್ಯದಲ್ಲಿ ಪೊಲೀಸರು 3 ನಿಮಿಷದೊಳಗೆ ಅಳಿಸಬೇಕು. ಹುಡುಕುತ್ತಿರುವ ಗಾಡಿಯೇ ಸಿಕ್ಕಿತು ಅಂದಾಗ ಮಾತ್ರ ಇಟ್ಟುಕೊಳ್ಳಬಹುದು. ವರ್ಜೀನಿಯಾದಲ್ಲಿ 2025ರ ಜುಲೈನಿಂದ 21 ದಿನ ಅಂತ ಕಾನೂನು ಬಂದಿದೆ. ಹಾಗಾಗಿ 30 ದಿನ ಬೇಕೇ ಬೇಕು ಅಂತ ಯಾರಾದರೂ ಅಂದರೆ ನಂಬಬೇಡಿ.

ಇದು ಬರೀ ನಂಬರ್ ಓದುವ ಕ್ಯಾಮೆರಾ ಅಲ್ಲ. ಗಾಡಿಯ ಮಾಡೆಲ್, ಬಣ್ಣ, ಹಿಂದೆ ಅಂಟಿಸಿದ ಸ್ಟಿಕ್ಕರ್ ಎಲ್ಲವನ್ನೂ ಗುರುತು ಹಿಡಿಯುತ್ತದೆ. ಯಾರ ಜೊತೆ ಹಂಚಿಕೊಳ್ಳಬೇಕು ಅನ್ನೋದನ್ನು ಆರಿಸುವುದು ಎಚ್‌ಒಎ. ಬರೀ ಊರಿನ ಪೊಲೀಸರಿಗಾ, ಇಡೀ ದೇಶಕ್ಕಾ ಅಂತ ಕೇಳಿ. ಕಮಿಟಿಯಲ್ಲಿ ಯಾರ ಹತ್ತಿರ ಪಾಸ್‌ವರ್ಡ್ ಇರುತ್ತದೆ, ಯಾರು ಯಾವಾಗ ಏನು ಹುಡುಕಿದರು ಅನ್ನೋ ದಾಖಲೆಯನ್ನು ನಿವಾಸಿಗಳಿಗೆ ತೋರಿಸುತ್ತಾರಾ ಅಂತಲೂ ಕೇಳಿ. ಬಾಯಿಮಾತು ಬೇಡ, ಬರಹದಲ್ಲಿ ಕೊಡಲಿ.

ಬೆಳಗಾವಿ ಟಿಳಕವಾಡಿ, ನ್ಯೂಜೆರ್ಸಿ
ಇಷ್ಟೆಲ್ಲಾ ಕೇಳಿದರೆ ಮೀಟಿಂಗಿನಲ್ಲಿ ಎಲ್ಲರೂ ನಿನ್ನನ್ನೇ ತಿರುಗಿ ನೋಡುತ್ತಾರೆ. ನಾವು ಇಲ್ಲಿ ದುಡಿಯಲು ಬಂದವರು. ಪೊಲೀಸರ ಕೆಲಸಕ್ಕೆ ಅಡ್ಡ ಬರಬಾರದು.

ಜಮಖಂಡಿ, ಡೆನ್ವರ್
ಕಾಕಾ, ತಪ್ಪು ಮಾಡದವರಿಗೆ ಭಯ ಇಲ್ಲ ಅಂದಿರಿ. 2020ರ ಆಗಸ್ಟ್‌ನಲ್ಲಿ ನಮ್ಮ ಪಕ್ಕದ ಅರೋರಾದಲ್ಲಿ ಒಂದು ಕಪ್ಪು ಕುಟುಂಬವನ್ನು ಪೊಲೀಸರು ಬಂದೂಕು ತೋರಿಸಿ ಕಾರಿನಿಂದ ಇಳಿಸಿದರು. ಬಿಸಿಲಿಗೆ ಕಾದ ಪಾರ್ಕಿಂಗ್ ಜಾಗದಲ್ಲಿ ಮಕ್ಕಳನ್ನು ಬೋರಲು ಮಲಗಿಸಿದರು. ಎಲ್ಲರಿಗಿಂತ ಸಣ್ಣವಳಿಗೆ 6 ವರ್ಷ. ಕ್ಯಾಮೆರಾ ಹಿಡಿದಿದ್ದು ಕಳುವಾದ ಗಾಡಿಯ ನಂಬರ್ ಅಂತ. ಆ ನಂಬರಿನ ಗಾಡಿ ಮೊಂಟಾನಾ ರಾಜ್ಯದ ಒಂದು ಮೋಟಾರ್‌ಸೈಕಲ್! ರಾಜ್ಯ ಬೇರೆ, ಗಾಡಿ ಬೇರೆ, ಅಂಕಿ ಮಾತ್ರ ಒಂದೇ. 2024ರಲ್ಲಿ ಊರಿನ ಆಡಳಿತದವರು ಆ ಕುಟುಂಬಕ್ಕೆ 19 ಲಕ್ಷ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡರು. ಆ ಮಕ್ಕಳು ಏನು ತಪ್ಪು ಮಾಡಿದ್ದರು? ಅಕ್ಕಾ, ಪೊಲೀಸರು ನಿಲ್ಲಿಸಿದರೆ ಎರಡೂ ಕೈ ಸ್ಟೀರಿಂಗ್ ಮೇಲೆ ಇಡಬೇಕು ಅಂತ ಮಗನಿಗೆ ಇವತ್ತೇ ಹೇಳಿಕೊಡಿ.

ವಿಜಯಪುರ, ಬೇ ಏರಿಯಾ
ನಮ್ಮ ಊರಲ್ಲಿ ಯಾರು ಎಲ್ಲಿ ಹೋದರು ಅಂತ ಗೊತ್ತಾಗಲು ಕ್ಯಾಮೆರಾ ಬೇಕಿರಲಿಲ್ಲ. ಸಿದ್ಧೇಶ್ವರ ಗುಡಿ ಮುಂದೆ ಸೈಕಲ್ ನಿಲ್ಲಿಸಿದರೆ ನಾನು ಮನೆ ಮುಟ್ಟುವ ಮೊದಲೇ ಅವ್ವನಿಗೆ ಸುದ್ದಿ ಹೋಗಿರುತ್ತಿತ್ತು. ಆದರೆ ನೋಡಿದವರು ನಮ್ಮವರೇ. ನನ್ನ ಮಕ್ಕಳಿಗೆ ಅಂಥ ಓಣಿ ಕೊಡಲು ಆಗಲಿಲ್ಲ ಅನ್ನೋ ಸಂಕಟ ನನಗಿದೆ.

ಇಂಡಿ, ಕಾನ್ಸಾಸ್
ಅಣ್ಣಾ, ಆ ಓಣಿಯ ಕಣ್ಣು ಹುಡುಗಿಯರ ಮೇಲೆ ಹೇಗೆ ಬೀಳುತ್ತಿತ್ತು ಅಂತ ನಿಮಗೆ ಗೊತ್ತಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕ್ಲಾಸಿನ ಹುಡುಗನ ಜೊತೆ ನೋಟ್ಸ್ ಬಗ್ಗೆ ಮಾತಾಡಿದ್ದಕ್ಕೆ ನನ್ನ ಕಾಲೇಜು ನಿಲ್ಲಿಸುವ ಮಾತು ಬಂದಿತ್ತು. ನೋಡುವವನ ಕೈಯಲ್ಲಿ ಅಧಿಕಾರ ಇದ್ದರೆ ಎಲ್ಲ ಕಡೆ ಇದೇ ಕಥೆ. ನಮ್ಮ ರಾಜ್ಯದ ಸೆಡ್ಜ್‌ವಿಕ್‌ನಲ್ಲಿ ಪೊಲೀಸ್ ಮುಖ್ಯಸ್ಥನೇ ಇದೇ ಕ್ಯಾಮೆರಾಗಳಲ್ಲಿ ತನ್ನ ಹಳೇ ಗೆಳತಿ ಮತ್ತು ಅವಳ ಹೊಸ ಗೆಳೆಯನ ಗಾಡಿಯನ್ನು 200ಕ್ಕೂ ಜಾಸ್ತಿ ಸಲ ಹುಡುಕಿದ್ದ. ಅದಕ್ಕೇ ಯಾರು ಹುಡುಕಿದರು ಅನ್ನೋ ದಾಖಲೆ ನಿವಾಸಿಗಳ ಕೈಗೂ ಸಿಗಬೇಕು.

ಗೋಕಾಕ, ಶಿಕಾಗೋ
ನನ್ನದು ಬೇರೆ ವಿಷಯ. ಅಪ್ಪನ ಕಾರಿನ ಫಾಸ್ಟ್ಯಾಗ್ ನನ್ನ ನಂಬರಿಗೆ ಇದೆ. ಹಿರೇಬಾಗೇವಾಡಿ ಟೋಲ್ ದಾಟಿದರೆ ಇಲ್ಲಿ ನನಗೆ ಮೆಸೇಜ್ ಬರುತ್ತದೆ. ಹೋದ ವರ್ಷ ವಾರಕ್ಕೆ ಎರಡು ಸಲ ಬರತೊಡಗಿತು. ಫೋನ್ ಮಾಡಿ ಕೇಳಿದೆ. ಧಾರವಾಡದ ಆಸ್ಪತ್ರೆಗೆ ಹೋಗುತ್ತಿದ್ದರು, ನನಗೆ ಹೇಳಿರಲಿಲ್ಲ. ಗೊತ್ತಾಗಿದ್ದು ಒಳ್ಳೇದಾಯಿತು. ಆದರೆ ಅಪ್ಪ ಒಂದೇ ಮಾತು ಕೇಳಿದರು, "ನನ್ನನ್ನು ಕೇಳದೆ ನೋಡುತ್ತಿದ್ದೆಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂದ ಹಾಗೆ, ಇಲ್ಲಿನ ಫ್ಲಾಕ್ ಕ್ಯಾಮೆರಾಗಳ ಡೇಟಾ ಗಡಿ ಕಾಯುವ ಕೇಂದ್ರದ ಇಲಾಖೆಗೂ ಸಿಕ್ಕಿತ್ತು ಅಂತ 2025ರಲ್ಲಿ ಇಲಿನಾಯ್ ಸರ್ಕಾರದ ಆಡಿಟ್‌ನಲ್ಲೇ ಬಂತು. ವೀಸಾದಲ್ಲಿ ಇರುವವರು ಇದನ್ನು ತಿಳಿದಿರಬೇಕು.

ಬೆಳಗಾವಿ ಟಿಳಕವಾಡಿ, ನ್ಯೂಜೆರ್ಸಿ
ನೋಡಿದಿರಾ? ಅದಕ್ಕೇ ನಾನು ಹೇಳುವುದು, ಎದ್ದು ನಿಂತು ಪ್ರಶ್ನೆ ಕೇಳಬೇಡಿ ಅಂತ! ನಮ್ಮ ಪಾಡಿಗೆ ನಾವಿದ್ದರೆ ಯಾರೂ ನಮ್ಮ ತಂಟೆಗೆ ಬರುವುದಿಲ್ಲ. ಮಕ್ಕಳನ್ನು ಓದಿಸಿ, ಮನೆ ಮಾಡಿ, ಸಾಕು. ನಾನು ಹೀಗೇ ಇದ್ದು ಇಬ್ಬರು ಮಕ್ಕಳನ್ನು ಡಾಕ್ಟರ್ ಮಾಡಿದ್ದೇನೆ.

ಜಮಖಂಡಿ, ಡೆನ್ವರ್
ಕಾಕಾ, 2017ರಲ್ಲಿ ಭಾರತದ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ತೀರ್ಪು ಕೊಟ್ಟರಲ್ಲ, ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. ಸುಮ್ಮನಿರಬೇಕು ಅಂತ ಅವರಿಗೆ ಅನ್ನಿಸಲಿಲ್ಲ.

ಬಾಗಲಕೋಟೆ ನವನಗರ, ಈಗ ಡಲ್ಲಾಸ್ ಹತ್ತಿರ
ನ್ಯೂ ಹ್ಯಾಂಪ್‌ಶೈರ್‌ನಲ್ಲಿರುವ ವಿಜಯಪುರದ ಅಣ್ಣಾವರೆ, ನೀವು ಹೇಳಿದ ಪ್ರಶ್ನೆಗಳನ್ನೇ ಬರೆದುಕೊಂಡೆ. ಉತ್ತರ ಬರಹದಲ್ಲಿ ಬರುವವರೆಗೆ ವೋಟು ಮುಂದೂಡಿ ಅಂತ ಮೇಲ್ ಹಾಕುತ್ತೇನೆ. ಪಕ್ಕದ ಮನೆಯ ಮೆಕ್ಸಿಕೋದವರೂ, ಎದುರು ಮನೆಯ ಅಜ್ಜಿಯೂ ಸಹಿ ಹಾಕುತ್ತೇವೆ ಅಂದಿದ್ದಾರೆ.

ಬೆಳಗಾವಿ ಟಿಳಕವಾಡಿ, ನ್ಯೂಜೆರ್ಸಿ
ಸಹಿ ಹಾಕುವ ಮೊದಲು ನನಗೊಂದು ಫೋನ್ ಮಾಡು ತಂಗಿ. ನಿಮಗಿನ್ನೂ ಗ್ರೀನ್ ಕಾರ್ಡ್ ಬಂದಿಲ್ಲ.