ಜಿಂಕ್ ಪ್ಲೇಟಿಂಗ್ ಆದ 12.9 ಅಲೆನ್ ಬೋಲ್ಟ್: ಬಿಗಿದ ಮಾರನೇ ದಿನ ತಲೆ ಹಾರುತ್ತಿದೆ

ಪ್ರಶ್ನೆ:
ಎಂ12 ಅಲೆನ್ ಬೋಲ್ಟ್, 12.9 ಗ್ರೇಡ್ (ತುಂಬಾ ಗಟ್ಟಿ ಸ್ಟೀಲ್), ಜಿಂಕ್ ಪ್ಲೇಟಿಂಗ್ ಮಾಡಿಸಿದ್ದು. ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿಯುವಾಗ ಒಂದೂ ಮುರಿಯಲ್ಲ. ಮಾರನೇ ದಿನ ನೋಡಿದರೆ ಮೂರ್ನಾಲ್ಕರ ತಲೆ ಕೆಳಗೆ ಬಿದ್ದಿರುತ್ತೆ, ಮೆಷಿನ್ ಚಾಲೂನೇ ಮಾಡಿರಲ್ಲ. ಅದೇ ಲಾಟ್‌ನ ಪ್ಲೇಟಿಂಗ್ ಇಲ್ಲದ ಕಪ್ಪು ಬೋಲ್ಟ್‌ಗಳಿಗೆ ಏನೂ ಆಗಿಲ್ಲ. ಪ್ಲೇಟಿಂಗ್‌ನವರು 4 ಗಂಟೆ ಬೇಕ್ ಮಾಡಿದ್ದೀವಿ (ಓವನ್‌ನಲ್ಲಿ ಕಾಯಿಸಿದ್ದೀವಿ) ಅಂತಾರೆ. ಸ್ಟೀಲೇ ಸರಿಯಿಲ್ಲವಾ?

ಉತ್ತರ 1:
ಕಪ್ಪು ಬೋಲ್ಟ್ ನಿಂತಿದೆ ಅಂದಮೇಲೆ ಸ್ಟೀಲನ್ನು ದೂರಬೇಡಿ ಸರ್, ಇದು ಹೈಡ್ರೋಜನ್ ಕೆಲಸ. ಶುಚಿ ಮಾಡೋಕೆ ಆಸಿಡ್‌ನಲ್ಲಿ ಅದ್ದಿದಾಗಲೂ, ಪ್ಲೇಟಿಂಗ್ ತೊಟ್ಟಿಯಲ್ಲಿ ಕರೆಂಟ್ ಕೊಟ್ಟಾಗಲೂ ಬೋಲ್ಟಿನ ಮೈಮೇಲೆ ಹೈಡ್ರೋಜನ್ ಪರಮಾಣು ಹುಟ್ಟುತ್ತೆ. ಹೆಚ್ಚಿನದು ಗುಳ್ಳೆಯಾಗಿ ಹೋದರೂ ಸ್ವಲ್ಪ ಒಳಗಿಳಿಯುತ್ತೆ. ಮೇಲೆ ಜಿಂಕ್ ಕೂತಮೇಲೆ ಅದಕ್ಕೆ ಹೊರಗೆ ಬರೋಕೆ ದಾರಿ ಕಷ್ಟ. ಬಿಗಿದಾಗ ಎಳೆತ ಹೆಚ್ಚಿರೋ ಜಾಗಕ್ಕೆ, ಅಂದರೆ ತಲೆ ಕೆಳಗಿನ ತಿರುವಿಗೆ ಅಥವಾ ಹಿಡಿತದ ಮೊದಲ ಥ್ರೆಡ್‌ಗೆ, ನಿಧಾನವಾಗಿ ಹೋಗಿ ಸೇರುತ್ತೆ, ಅಲ್ಲಿ ಸ್ಟೀಲನ್ನು ಪೆಡಸು ಮಾಡಿ ಬಿರುಕು ಬಿಡಿಸುತ್ತೆ. ಅದಕ್ಕೇ ಗಂಟೆಗಟ್ಟಲೆ ತಡ.

ಮುರಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿ. ಬಿರುಕು ಶುರುವಾದ ಕಡೆ ಸಕ್ಕರೆ ಹರಳಿನ ಹಾಗೆ ಮಿನುಗುತ್ತೆ, ಕತ್ತು ಸಣ್ಣಗಾಗಿರಲ್ಲ. ಖಚಿತವಾಗಬೇಕಾದರೆ ಲ್ಯಾಬ್‌ನಲ್ಲಿ ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಪರೀಕ್ಷೆ ಮಾಡಿಸಿ.

ಉತ್ತರ 2:
ಬೇಕ್ ಮಾಡೋದು ಒಳಗಿನ ಹೈಡ್ರೋಜನ್ ಹೊರಗೆ ಹೋಗಲಿ ಅಂತ. ಆ "4 ಗಂಟೆ"ಯಲ್ಲೇ ಗೊಂದಲ ಇದೆ. ಪ್ಲೇಟಿಂಗ್ ಮುಗಿದು ಓವನ್‌ಗೆ ಹಾಕೋಕೆ ಇರುವ ಗಡುವು 4 ಗಂಟೆ, ಅದರೊಳಗೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. 12.9ರ ಗಡಸುತನ 39–44 ರಾಕ್‌ವೆಲ್ ಸಿ (ಗಡಸುತನದ ಅಳತೆ). ಅಷ್ಟಕ್ಕೆ 190–220 ಡಿಗ್ರಿಯಲ್ಲಿ 4 ಗಂಟೆ ಸಾಲಲ್ಲ, 14 ಗಂಟೆಗಿಂತ ಕಡಿಮೆ ಒಪ್ಪಬೇಡಿ. ಲೆಕ್ಕ ಶುರುವಾಗೋದು ಬೋಲ್ಟ್ ಕಾದಮೇಲೆ, ಓವನ್ ಬಾಗಿಲು ಹಾಕಿದಾಗಲ್ಲ. ಟ್ರೇನಲ್ಲಿ ರಾಶಿ ಹಾಕಿದ್ದರೆ ನಡುವಿನವು ತಡವಾಗಿ ಕಾಯುತ್ತವೆ. ಓವನ್ ಚಾರ್ಟ್ ಕೇಳಿ ಇಸ್ಕೊಳ್ಳಿ. ಪ್ಯಾಸಿವೇಷನ್, ಅಂದರೆ ಜಿಂಕ್ ಮೇಲೆ ಕೊಡೋ ತೆಳು ರಕ್ಷಣಾ ಪದರ, ಬೇಕಿಂಗ್ ಆದಮೇಲೆ. ಮೊದಲೇ ಮಾಡಿದರೆ ಆ ಪದರ ಬಿಸಿಗೆ ಬಿರುಕು ಬಿಡುತ್ತೆ.

ಪ್ರಶ್ನೆ ಕೇಳಿದವರು:
ಉಳಿದವನ್ನು ಈಗ ಮತ್ತೆ ಬೇಕ್ ಮಾಡಿ ಹಾಕಬಹುದಾ?

ಉತ್ತರ 2:
ಬೇಡ. ಒಳಗೆ ಬಿದ್ದ ಬಿರುಕು ಓವನ್‌ನಲ್ಲಿ ಕೂಡಿಕೊಳ್ಳಲ್ಲ. ಬಿಗಿದಿರೋವನ್ನೂ ಸೇರಿಸಿ ಇಡೀ ಲಾಟ್ ಸ್ಕ್ರ್ಯಾಪ್ ಮಾಡಿ.

ಉತ್ತರ 3:
ನನ್ನ ಕೇಳಿದರೆ 12.9ಕ್ಕೆ ಎಲೆಕ್ಟ್ರೋಪ್ಲೇಟಿಂಗೇ ಬೇಡ. ಶಾಟ್ ಬ್ಲಾಸ್ಟ್ ಮಾಡಿ (ಸಣ್ಣ ಗುಂಡು ಹೊಡೆದು ಶುಚಿ ಮಾಡಿ) ಜಿಂಕ್ ಫ್ಲೇಕ್ ಕೋಟಿಂಗ್ (ಬಣ್ಣದ ಹಾಗೆ ಬಳಿದು ಕಾಯಿಸೋ ಜಿಂಕ್ ಪದರ) ಕೊಡಿಸಿ, ಅದರಲ್ಲಿ ಆಸಿಡ್ಡೂ ಇಲ್ಲ, ಕರೆಂಟೂ ಇಲ್ಲ. ಘರ್ಷಣೆ ಬದಲಾಗೋದರಿಂದ ಟಾರ್ಕ್ ಮತ್ತೆ ಲೆಕ್ಕ ಹಾಕಿ. ಜಾಗ ಇದ್ದರೆ ದಪ್ಪ ಸೈಜಿನ 8.8 (ಇದಕ್ಕಿಂತ ಕಡಿಮೆ ಗಡಸಿನ ಗ್ರೇಡ್) ಹಾಕಿ, ಅದಕ್ಕೆ ಈ ಕಾಟ ಇರಲ್ಲ. ಪ್ಲೇಟಿಂಗ್ ಆದ ಸ್ಪ್ರಿಂಗ್ ವಾಷರ್‌ಗಳನ್ನೂ ನೋಡಿ, ಅವೂ ಇಷ್ಟೇ ಗಡಸು, ಎಷ್ಟೋ ಸಲ ಸದ್ದಿಲ್ಲದೆ ಸೀಳಿರುತ್ತವೆ. ಹೊಸ ಲಾಟ್ ಬಂದಾಗ ಕೆಲವನ್ನು ಗಡಸು ಪ್ಲೇಟಿನಲ್ಲಿ ಯೀಲ್ಡ್ (ಬೋಲ್ಟ್ ಶಾಶ್ವತವಾಗಿ ಹಿಗ್ಗಲು ಶುರುವಾಗೋ ಹಂತ) ಹತ್ತಿರಕ್ಕೆ ಬಿಗಿದು 48 ಗಂಟೆ ಬಿಡಿ. 24 ಗಂಟೆಗೊಮ್ಮೆ ಮತ್ತೆ ಅದೇ ಟಾರ್ಕ್‌ಗೆ ತನ್ನಿ. ಒಂದು ಮುರಿದರೂ ಲಾಟ್ ವಾಪಸ್.